ಕೊನೆಗೆ ಬರೆದ ಕಣ್ಣು

ಗುಬ್ಬಿಯಲ್ಲಿ ಲಾರಿಗಳಿಗೆ ಬಣ್ಣ ಹೊಡೆದೇ ಮನೆ ಕಟ್ಟಿದವನು ನಾನು. ಆದರೂ ಪಕ್ಕದ ಶೆಡ್ಡಿನ ಮೇಷ್ಟ್ರ ಮುಂದೆ ಬ್ರಷ್ ಎತ್ತುತ್ತಿರಲಿಲ್ಲ. ಅವರದು ದೇವಸ್ಥಾನದ ಗೊಂಬೆಗಳಿಗೆ ಬಣ್ಣ ಹಾಕುವ ಕೆಲಸ. "ಕಣ್ಣು ಕೊನೇಲಿ ಕಣಪ್ಪ, ಸ್ನಾನ ಮಾಡ್ಕೊಂಡು" ಎನ್ನುತ್ತಿದ್ದರು.

ಒಂದು ಭಾನುವಾರ ತುಮಕೂರಿನ ಬ್ಯಾಂಕ್ ಆಫೀಸರೊಬ್ಬರು, ಮೇಜಿನ ಮೇಲೆ ಯುದ್ಧದಾಟ ಆಡುವ ಹೆಬ್ಬೆರಳುದ್ದದ ಗೊಂಬೆಯೊಂದನ್ನು ಬಣ್ಣ ಹಾಕಿಸಲು ತಂದರು. ಜಪಾನಿ ಕಾರ್ಟೂನಿನ ಹುಡುಗಿ. ಅರ್ಧ ಮುಖ ಕಣ್ಣೇ, ಕತ್ತಿ ಅವಳಿಗಿಂತ ಉದ್ದ.

"ಏಳಕ್ಕೆ ಪಂದ್ಯ ಮೇಷ್ಟ್ರೇ, ಬೇಗ!"

"ಇನ್ನು ಕಣ್ಣೊಂದೇ ಬಾಕಿ, ಆರರವರೆಗೂ ರಾಹುಕಾಲ. ಕೂತ್ಕೊಳ್ಳಿ ಸಾರ್."

ಆರಕ್ಕೆ ಸ್ನಾನ ಮಾಡಿ ಬಂದು, ಕಣ್ಣು ಬರೆದು, ದೇವರಿಗೆ ತೋರಿಸುವ ಹಾಗೆ ಗೊಂಬೆಗೆ ಕನ್ನಡಿ ತೋರಿಸಿದರು. ಅಲ್ಲೀವರೆಗೂ ರೇಗುತ್ತಿದ್ದ ಆಫೀಸರು ಕೈಮುಗಿದುಬಿಟ್ಟರು.

"ಮುಗಿದ ಕೈಲೇ ಇವಳನ್ನ ಹೊಡೆದಾಟಕ್ಕೆ ಬುಡ್ತೀರಾ?" ಎಂದರು ಮೇಷ್ಟ್ರು.

ಪಂದ್ಯಕ್ಕೆ ಹೋಗದ ಅವಳು ಈಗ ಬ್ಯಾಂಕಿನಲ್ಲಿ ಆಫೀಸರ ಮೇಜಿನ ಮೇಲಿದ್ದಾಳೆ. ದಿನಾ ಮುಡಿಗೆ ಅವಳಿಗಿಂತ ದೊಡ್ಡ ದಾಸವಾಳ.