ಸಿಗಾರಿನ ಕಪಾಟಿನ ಮುನಿಯಲ್ಲಮ್ಮ

ಬೆಳಗಿನ ಐದೂವರೆ. ಅಂತರಗಂಗೆ ಬೆಟ್ಟದ ಕಡೆಯಿಂದ ತಣ್ಣನೆಯ ಗಾಳಿ ಬೀಸುತ್ತಿದೆ. ಕೋಲಾರದ ಆಫೀಸರುಗಳ ಕ್ಲಬ್ಬಿನ ಹಿತ್ತಲಲ್ಲಿ ಮುನಿಯಲ್ಲಮ್ಮ ಕಡಲೆಹಿಟ್ಟು ಹಚ್ಚಿ ಮೊಣಕೈವರೆಗೆ ಕೈ ತೊಳೆಯುತ್ತಿದ್ದಾರೆ. ತೊಳೆದ ಕೈಯನ್ನು ಮೂಗಿನ ಹತ್ತಿರ ಹಿಡಿದು ನೋಡುತ್ತಾರೆ, ಸಮಾಧಾನವಾಗದೆ ಇನ್ನೊಂದು ಸಲ ತೊಳೆಯುತ್ತಾರೆ. ಬಾಯಲ್ಲಿ ಎಲೆಯಡಿಕೆ ಇಲ್ಲ, ತಲೆಯಲ್ಲಿ ಹೂವಿಲ್ಲ. ಮುತ್ತೈದೆ ಹೆಂಗಸು ಹೂ ಮುಡಿಯದೆ ಮನೆ ಬಿಡುವುದೇ ಎಂದು ಅವರ ಅತ್ತೆ ಬಯ್ಯದ ದಿನವಿಲ್ಲ.

“ಮಲ್ಲಿಗೆ ಮುಡ್ಕೊಂಡು ಒಳಕ್ಕೆ ಹೋದ್ರೆ ಚುಟ್ಟಕ್ಕೂ ಮಲ್ಲಿಗೆ ವಾಸ್ನೆ ಹತ್ಕೊಂಬಿಡುತ್ತೆ ಸ್ವಾಮಿ. ಆಮೇಲೆ ಸೇದೋರೆಲ್ಲಾ ಬಯ್ತಾರೆ. ಅತ್ತೆ ಒಬ್ರು ಬಯ್ಯೋದೇ ವಾಸಿ,” ಎಂದು ನೋಡಲು ಬಂದ ನನಗೆ ಹೇಳುತ್ತಾರೆ.

ಅವರು ಚುಟ್ಟ ಎನ್ನುವುದು ದೊಡ್ಡವರು ಸೇದುವ ಸಿಗಾರನ್ನು. ಕ್ಲಬ್ಬಿನ ಒಳಕೋಣೆಯಲ್ಲಿ ಆಳೆತ್ತರದ ಮರದ ಕಪಾಟೊಂದಿದೆ. ಅದಕ್ಕೆ ಹನ್ನೊಂದು ಅರೆಗಳು, ಒಂದೊಂದು ಅರೆಯಲ್ಲಿ ಇಬ್ಬರು ಸದಸ್ಯರ ಸಿಗಾರು, ಮೇಲೆ ಹೆಸರಿನ ಚೀಟಿ. ಹೆಸರು ಓದಲು ಮುನಿಯಲ್ಲಮ್ಮನಿಗೆ ಬಾರದು, ಆದರೆ ಯಾರ ಸಿಗಾರು ಯಾವುದೆಂದು ವಾಸನೆಯಲ್ಲೇ ಹೇಳುತ್ತಾರೆ. ಇನ್ನೂರು ಚಿಲ್ಲರೆ ಸಿಗಾರುಗಳಲ್ಲಿ ದಿನಕ್ಕೆ ಎರಡು ಅರೆಯಂತೆ ಒಂದೊಂದನ್ನೂ ತೆಗೆದು ಎರಡು ಬೆರಳಲ್ಲಿ ಮೆಲ್ಲಗೆ ಅದುಮಿ, ಕಿವಿಯ ಬಳಿ ಹಿಡಿದು, ಮಗ್ಗುಲು ಬದಲಿಸಿ ಇಡುತ್ತಾರೆ. ಚರಚರ ಎಂದರೆ ಒಣಗಿದೆ. ಮೆತ್ತಗೆ ಕುಸಿದರೆ ನೀರು ಹೆಚ್ಚಾಗಿದೆ. ಅದುಮಿದ್ದು ಸದ್ದಿಲ್ಲದೆ ಮತ್ತೆ ಉಬ್ಬಿ ಬಂದರೆ ಸರಿಯಾಗಿದೆ.

ಕಪಾಟಿನ ಮೂಲೆಗಳಲ್ಲಿ ಆರು ತೆಂಗಿನ ಚಿಪ್ಪುಗಳಿವೆ. ಚಿಪ್ಪಿನ ತುಂಬ ಕಲ್ಲುಪ್ಪು, ಅದಕ್ಕೆ ಒದ್ದೆಯಾಗುವಷ್ಟೇ ನೀರು. ಇದೇ ಮುನಿಯಲ್ಲಮ್ಮನ ವಿದ್ಯೆ. ಬರೀ ನೀರಿಟ್ಟರೆ ಅದಕ್ಕೆ ಕೊಡುವುದೊಂದೇ ಗೊತ್ತು, ಕೊಟ್ಟು ಕೊಟ್ಟು ಬೂಷ್ಟು ಹಿಡಿಸುತ್ತದೆ. ಒದ್ದೆ ಉಪ್ಪು ಹಾಗಲ್ಲ. ಗಾಳಿ ಒಣಗಿದಾಗ ತೇವ ಬಿಡುತ್ತದೆ, ಮಳೆಗಾಲದಲ್ಲಿ ಹೆಚ್ಚಾದ ತೇವವನ್ನು ತಾನೇ ಕುಡಿದುಕೊಳ್ಳುತ್ತದೆ. “ಉಪ್ಪಿಗೆ ಬುದ್ಧಿ ಐತೆ. ಎಷ್ಟು ಬೇಕೋ ಅಷ್ಟೇ ಅದರ ಲೆಕ್ಕ. ಮನುಷ್ಯರಿಗೇ ಆ ಬುದ್ಧಿ ಇಲ್ಲ,” ಎಂದು ನಗುತ್ತಾರೆ.

ಈ ಬುದ್ಧಿಯನ್ನು ಅವರು ಕಂಡುಕೊಂಡದ್ದು ತವರಲ್ಲಿ. ಮುಳಬಾಗಿಲು ತಾಲ್ಲೂಕಿನ ಬೈರಕೂರಿನಲ್ಲಿ ಅವರ ಅಪ್ಪನಿಗೆ ಅಂಗೈಯಗಲದ ವೀಳ್ಯದೆಲೆ ತೋಟವಿತ್ತು. ಕೊಯ್ದ ಎಲೆಯನ್ನು ಅಟ್ಟದ ಮೇಲಿಟ್ಟರೆ ಮೂರು ದಿನಕ್ಕೆ ಬಾಡುತ್ತಿತ್ತು. ಅಡುಗೆಮನೆಯಲ್ಲಿ ಉಪ್ಪಿನ ಮಡಕೆಯ ಮಗ್ಗುಲಲ್ಲಿಟ್ಟದ್ದು ವಾರವಾದರೂ ಹಸಿರಾಗಿರುತ್ತಿತ್ತು. ಹತ್ತು ವರ್ಷದ ಹುಡುಗಿ ಅದನ್ನು ನೋಡಿ ನೆನಪಿನಲ್ಲಿಟ್ಟುಕೊಂಡಳು. ಕೋಲಾರಕ್ಕೆ ಮದುವೆಯಾಗಿ ಬಂದು ಮಾರ್ಕೆಟ್ಟಿನಲ್ಲಿ ಎಲೆಯ ಬುಟ್ಟಿ ಇಟ್ಟಾಗ ಅದೇ ಕೈಹಿಡಿಯಿತು. ಗಂಡ ಗಾಡಿ ಹೊಡೆಯುತ್ತಾರೆ, ಸಂಸಾರ ನಡೆಯುವುದು ಎಲೆಯ ಮೇಲೆ.

ಕ್ಲಬ್ಬಿನ ಬಟ್ಲರ್ ಅಬ್ದುಲ್ ಗಫೂರ್ ಎಲೆ ಕೊಳ್ಳುತ್ತಿದ್ದದ್ದು ಅವರ ಹತ್ತಿರವೇ. ಏಳು ವರ್ಷದ ಹಿಂದೆ ಒಂದು ಬೇಸಿಗೆಯಲ್ಲಿ ಗಫೂರ್ ಸಾಹೇಬರು ಎಲೆಯನ್ನು ತಿರುಗಿಸಿ ತಿರುಗಿಸಿ ನೋಡಿ, “ಅಮ್ಮಾ, ಹತ್ತು ದಿನದ ಎಲೆ ಇವತ್ತು ಕೊಯ್ದಂಗೆ ಐತೆ. ನಮ್ಮ ಸಿಗಾರು ಮಾತ್ರ ಮೂರೇ ವಾರಕ್ಕೆ ಸೌದೆ ಆಗ್ತದೆ. ಅದೂ ಎಲೇನೇ ಅಲ್ವಾ?” ಎಂದರಂತೆ. ಮರುದಿನದಿಂದ ಮುನಿಯಲ್ಲಮ್ಮ ಕ್ಲಬ್ಬಿನ ಕೆಲಸದವರಾದರು. ಬೆಳಗ್ಗೆ ಒಂದೂವರೆ ಗಂಟೆ ಹೊತ್ತು ಕಪಾಟು, ಆಮೇಲೆ ಎಲೆಯ ಬುಟ್ಟಿ.

ಎಲ್ಲ ಚೆನ್ನಾಗಿಯೇ ಇತ್ತು, ಹೋದ ವರ್ಷ, ಅಂದರೆ ೧೯೪೩ರ ಶಿವರಾತ್ರಿಯವರೆಗೆ. ಆಗ ಕ್ಲಬ್ಬಿಗೆ ಹೊಸ ಸೆಕ್ರೆಟರಿ ಬಂದರು. ರಾಮಚಂದ್ರಪ್ಪನವರು, ನಿವೃತ್ತ ಅಮಲ್ದಾರರು, ದೈವಭಕ್ತರು, ಇಸ್ಪೀಟಿನ ಹುಚ್ಚಿನವರು. ಬಂದ ತಿಂಗಳಲ್ಲೇ ಆಟದಲ್ಲಿ ಸತತವಾಗಿ ಸೋತರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಒಂದು ದಿನ ಸಿಗಾರು ತೆಗೆಯಲು ಹೋದವರ ಕಣ್ಣಿಗೆ ಮೂಲೆಯಲ್ಲಿದ್ದ ಚಿಪ್ಪು ಬಿತ್ತು, ಚಿಪ್ಪಿನಲ್ಲಿ ಉಪ್ಪು. ಅವರಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಯಾರೋ ಮಾಟ ಮಾಡಿಸಿದ್ದಾರೆ ಎಂದು ತೀರ್ಮಾನಿಸಿ ಚಿಪ್ಪುಗಳನ್ನೆಲ್ಲ ಹೊರಗೆ ಹಾಕಿಸಿದರು, ಇಟ್ಟವಳನ್ನೂ ಹೊರಗೆ ಕಳಿಸಿದರು. ಅಷ್ಟಕ್ಕೇ ಬಿಡದೆ, ದೋಷ ಕಳೆಯಲೆಂದು ಪುರೋಹಿತರನ್ನು ಕರೆಸಿ ಕಪಾಟಿನೊಳಗೆ ಕರ್ಪೂರ ಬೆಳಗಿಸಿ, ಅರೆ ಅರೆಗೂ ಸಾಂಬ್ರಾಣಿ ಹೊಗೆ ಹಾಕಿಸಿದರು.

ಕೋಲಾರದ ಬೇಸಿಗೆ ಯಾರ ಮಾತು ಕೇಳುತ್ತದೆ? ಮೂರು ವಾರಕ್ಕೆ ಸಿಗಾರೆಲ್ಲ ಒಣಗಿ ಪುಡಿ ಉದುರತೊಡಗಿತು. ಗಾಬರಿಯಾದ ಬೇರರ್ ಒಬ್ಬ ಒಂದು ಅರೆಗೆ ಬಿಸಿನೀರಿನ ಹಬೆ ಹಿಡಿದ. ಮೇಲಿನ ಎಲೆ ಉಬ್ಬಿ ಒಳಗಿನದು ಒಣಗಿಯೇ ಇದ್ದು, ಸಿಗಾರುಗಳು ಬೇಸಿಗೆಯ ಕೆರೆಯಂಗಳದ ಹಾಗೆ ಬಿರಿದವು. ಹೇಗೋ ಒಂದನ್ನು ಹಚ್ಚಿದ ವಕೀಲರೊಬ್ಬರು ಎರಡು ಸಲ ಎಳೆದು, “ಭಜನೆ ಮಂದಿರದಲ್ಲಿ ಕೂತ ಹಾಗಾಯಿತು,” ಎಂದು ಇಟ್ಟುಬಿಟ್ಟರು. ಎಸೆದು ಹೊಸದು ತರಿಸೋಣವೆಂದರೆ ಯುದ್ಧದ ದೆಸೆಯಿಂದ ಹಡಗಿನ ಮಾಲೇ ಬರುತ್ತಿಲ್ಲ.

ಅತ್ತ ಮುನಿಯಲ್ಲಮ್ಮನ ಪಾಡು ಇದಕ್ಕಿಂತ ಕಡೆಯಾಗಿತ್ತು. ಕ್ಲಬ್ಬಿನ ಕೆಲಸ ಹೋದದ್ದು ದೊಡ್ಡದಲ್ಲ. ಮಾಟದ ಕೈ ಎಂಬ ಮಾತು ಮಾರ್ಕೆಟ್ಟಿಗೆ ಬಂತು. ವೀಳ್ಯದೆಲೆ ಎಂದರೆ ಶುಭಕ್ಕೆ ಕೊಳ್ಳುವ ವಸ್ತು. ಮದುವೆಗೆ, ಸೀಮಂತಕ್ಕೆ, ದೇವರ ಮುಂದಕ್ಕೆ. ಅಂಥ ಎಲೆಯನ್ನು ಮಾಟಗಾತಿಯ ಕೈಯಿಂದ ಯಾರು ಕೊಂಡಾರು? ಮದುವೆಮನೆಯವರೊಬ್ಬರು ಕೊಂಡ ಕಟ್ಟನ್ನು ತಂದು ಬುಟ್ಟಿಯಲ್ಲಿ ಹಾಕಿ ಹೋದರು. ಹತ್ತು ದಿನ ಎಲೆ ಬಾಡದಂತೆ ಇಡಬಲ್ಲ ಹೆಂಗಸಿಗೆ ಹನ್ನೊಂದನೆಯ ದಿನವೂ ಗಿರಾಕಿ ಬರಲಿಲ್ಲ. ಕೊನೆಗೆ ಬುಟ್ಟಿ ಹೊತ್ತು ಬೈರಕೂರಿಗೆ ಹೋಗಿ ತವರಿನ ಬೀದಿಯಲ್ಲಿ ಮಾರಲು ಕೂತರು.

“ಹಸಿವು ತಡ್ಕೊಬಹುದು ಸ್ವಾಮಿ. ಕೈಗೆ ಕೆಟ್ಟ ಹೆಸರು ಬಂದ್ರೆ ಆ ಕೈಯಾಗೆ ಅನ್ನ ಕಲಸೋಕೂ ಮನಸ್ಸು ಬರಾಕಿಲ್ಲ.”

ಯುದ್ಧದಿಂದ ಪೆಟ್ರೋಲಿಲ್ಲದೆ ಓಡುವ ಇದ್ದಿಲು ಗ್ಯಾಸಿನ ಬಸ್ಸಿನಲ್ಲಿ ಕೆಮ್ಮುತ್ತ, ಏರು ಬಂದಲ್ಲಿ ಇಳಿದು ನಡೆಯುತ್ತ ಗಫೂರ್ ಸಾಹೇಬರು ಅವರನ್ನು ಕರೆತರಲು ಬೈರಕೂರಿಗೆ ಬಂದರು. ಸೆಕ್ರೆಟರಿಯವರೇ ಕಳಿಸಿದ್ದರು, ಆದರೆ ಹಾಗೆಂದು ಹೇಳಬಾರದೆಂದೂ ಹೇಳಿ ಕಳಿಸಿದ್ದರು. ಸಾಹೇಬರು ಮೊದಲ ಮಾತಿಗೇ ಅದನ್ನು ಹೇಳಿಬಿಟ್ಟರು.

ವಾಪಸು ಬಂದ ಮುನಿಯಲ್ಲಮ್ಮ ರಾಮಚಂದ್ರಪ್ಪನವರ ಎದುರು ಎರಡು ಮಾತು ಇಟ್ಟರು. “ಒಂದು ಮಂಡಲ ಬೇಕು ಸ್ವಾಮಿ, ನಲವತ್ತೆಂಟು ದಿನ. ಅಲ್ಲೀಗಂಟ ಯಾರೂ ಕಪಾಟು ತೆಗೀಬಾರ್ದು, ಬೀಗದ ಕೈ ನನ್ನ ಹತ್ರ ಇರುತ್ತೆ. ಚುಟ್ಟ ಸರಿಹೋದ್ರೆ ಇದು ಮಾಟ ಅಲ್ಲಾಂತ ತಾವೇ ನಾಲ್ಕು ಜನಕ್ಕೆ ಹೇಳ್ಬೇಕು.” ರಾಮಚಂದ್ರಪ್ಪನವರು ಮಂಡಲಕ್ಕೆ ಒಪ್ಪಿದರು. ಎರಡನೆಯದಕ್ಕೆ, “ಮೊದಲು ಸರಿಹೋಗಲಿ, ನೋಡೋಣ,” ಎಂದರು.

ಮೊದಲ ಹದಿನೈದು ದಿನ ಮುನಿಯಲ್ಲಮ್ಮ ಉಪ್ಪಿನ ತಂಟೆಗೇ ಹೋಗಲಿಲ್ಲ. ಕಪಾಟಿನ ತಳದಲ್ಲಿ ಒಂದು ಒದ್ದೆ ಇಟ್ಟಿಗೆ, ಅರೆಗಳಲ್ಲಿ ಸಾಂಬ್ರಾಣಿ ವಾಸನೆ ಹೀರಲು ಇದ್ದಿಲ ಚೂರು, ಅಷ್ಟೇ. ಗಫೂರ್ ಸಾಹೇಬರು ತಡೆಯಲಾರದೆ, ಇನ್ನೊಂದು ಇಟ್ಟಿಗೆ ಇಟ್ಟರಾಗದೇ ಎಂದು ಕೇಳಿದರಂತೆ. “ಉಪವಾಸ ಇದ್ದೋರಿಗೆ ಮೊದಲ್ನೇ ದಿನವೇ ಹೋಳಿಗೆ ಬಡಿಸ್ತಾರಾ ಸಾಬ್ರೇ? ಗಂಜಿ ಕುಡಿಸ್ತಾರೆ,” ಎಂದರು ಈಕೆ. ಹದಿನಾರನೆಯ ದಿನ ಒಂದು ಚಿಪ್ಪು ಇಟ್ಟರು. ಐದೈದು ದಿನಕ್ಕೆ ಇನ್ನೊಂದೊಂದು. ಆರನೆಯ ಚಿಪ್ಪು ಸೇರುವ ಹೊತ್ತಿಗೆ ಮಂಡಲ ಮುಗಿಯುತ್ತ ಬಂದಿತ್ತು.

ಆಗ ಮಳೆ ಹಿಡಿಯಿತು. ಮೂರು ದಿನ ಬಿಡದೆ ಸುರಿದು ಗೋಡೆಗಳೇ ಬೆವತವು. ಉಪ್ಪು ನೀರು ಕುಡಿದು ಕುಡಿದು ಚಿಪ್ಪುಗಳು ತುಂಬಿದವು. ಮುನಿಯಲ್ಲಮ್ಮ ಮನೆಗೂ ಹೋಗದೆ ಹಗಲೂ ರಾತ್ರಿ ಹಿತ್ತಲ ಜಗಲಿಯಲ್ಲಿ ಕೂತು, ಗಳಿಗೆಗೊಮ್ಮೆ ನೀರು ಬಸಿದು ಒಣ ಉಪ್ಪು ಹಾಕಿದರು. ಒಂದೇ ಒಂದು ಅರೆಗೆ ಬೂಷ್ಟು ಬಂದರೂ ತಮ್ಮ ಮಾತಿಗೆ ಇನ್ನು ಬೆಲೆಯಿಲ್ಲ ಎಂದು ಅವರಿಗೆ ಗೊತ್ತಿತ್ತು.

ನಲವತ್ತೊಂಬತ್ತನೆಯ ದಿನ ಬೀಗ ತೆಗೆದರು. ರಾಮಚಂದ್ರಪ್ಪನವರು ಒಂದು ಸಿಗಾರು ಎತ್ತಿ ಅದುಮಿದರು. ಸದ್ದಿಲ್ಲ. ಹಚ್ಚಿದರು. ಅರ್ಧ ಸಿಗಾರು ಸೇದಿದರು. ಆಮೇಲೆ, “ಭಜನೆ ಹೋಗಿದೆ,” ಎಂದರು. ಗಫೂರ್ ಸಾಹೇಬರು “ಅಲ್ಹಮ್ದುಲಿಲ್ಲಾ” ಎಂದು ಎರಡೂ ಕೈಯಿಂದ ಮುಖ ಒರೆಸಿಕೊಂಡರು. ಬಾಗಿಲಾಚೆ ನಿಂತಿದ್ದ ಮುನಿಯಲ್ಲಮ್ಮ ಒಳಗೆ ಬಂದು ಒಂದೊಂದೇ ಅರೆ ತೆಗೆದು ನೋಡತೊಡಗಿದರು. ಹಬೆಗೆ ಬಿರಿದಿದ್ದ ಒಂಬತ್ತು ಮಾತ್ರ ಬದುಕಲಿಲ್ಲ. ಉಳಿದವೆಲ್ಲ ಬದುಕಿದವು.

ಕ್ಲಬ್ಬಿನ ಕೆಲಸ ಮರಳಿ ಬಂತು, ಮಾಟ ಅಲ್ಲವೆಂಬ ಮಾತು ಮಾತ್ರ ಬರಲಿಲ್ಲ. ವಾರ ಕಳೆದರೂ ಸೆಕ್ರೆಟರಿಯವರು ಬಾಯಿ ಬಿಡಲಿಲ್ಲ. ಮುನಿಯಲ್ಲಮ್ಮ ಕೇಳಲೂ ಇಲ್ಲ. ಮಾರ್ಕೆಟ್ಟಿನಲ್ಲಿ ಜನ ಅವರ ಬುಟ್ಟಿ ದಾಟಿ ಪಕ್ಕದ ಬುಟ್ಟಿಗೆ ಹೋಗುತ್ತಲೇ ಇದ್ದರು.

ಆಷಾಢಕ್ಕೆ ಮುಂಚಿನ ಸಂತೆಯ ದಿನ. ನಡುಮಧ್ಯಾಹ್ನ, ನೂಕುನುಗ್ಗಲು. ಜರಿಪೇಟ ಸುತ್ತಿದ ರಾಮಚಂದ್ರಪ್ಪನವರು ನೇರವಾಗಿ ಮುನಿಯಲ್ಲಮ್ಮನ ಬುಟ್ಟಿಯ ಮುಂದೆ ಬಂದು ನಿಂತರು.

“ಮಗಳ ಮದುವೆ ಕಣಮ್ಮ. ಎರಡು ಸಾವಿರ ಎಲೆ ಬೇಕು. ಬೇರೆ ಯಾರ ಕೈಲೂ ಮುಟ್ಟಿಸ್ಬೇಡ, ನೀನೇ ಎಣಿಸಿ ಕಟ್ಟು,” ಎಂದರು, ಅಮಲ್ದಾರಿಕೆಯ ಕಾಲದ ಗಂಟಲಲ್ಲಿ. ಸುತ್ತಲಿನವರು ತಿರುಗಿ ನೋಡಿದರು. “ಈಗ ಒಂದೆಲೆಗೆ ಸುಣ್ಣ ಹಚ್ಚಿ ಕೊಡು.”

ತಿನ್ನುವುದರಲ್ಲಿ ಬೆರೆಸಿ ಕೊಡುವ ಕೈಮದ್ದಿಗೆ ಹೆದರುವ ನಮ್ಮ ಸೀಮೆಯಲ್ಲಿ, ಮಾಟದವಳೆಂದು ಹೆಸರಾದವಳು ಸುಣ್ಣ ಹಚ್ಚಿಕೊಟ್ಟ ಎಲೆ ಎಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಮುನಿಯಲ್ಲಮ್ಮ ಬುಟ್ಟಿಯಿಂದ ಒಂದೆಲೆ ಆರಿಸಿಕೊಂಡರು. ನರ ತೆಗೆದು, ಸುಣ್ಣ ಹಚ್ಚಿ, ಅಡಿಕೆ ಇಟ್ಟು ಮಡಿಸಿ ಕೊಟ್ಟರು. ಅಮಲ್ದಾರರು ಅದನ್ನು ಬಾಯಿಗಿಟ್ಟು, ಅಲ್ಲೇ ನಿಂತು, ಸಂತೆಯೆಲ್ಲ ನೋಡುವಂತೆ ನಿಧಾನವಾಗಿ ಅಗಿದರು. ಪೂರ್ತಿ ನುಂಗಿದ ಮೇಲೆಯೇ ಹೊರಟರು.

ಈಗ ಕಪಾಟಿನ ಕೆಲಸ ಮುಗಿದಿದೆ. ಮುನಿಯಲ್ಲಮ್ಮ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿ ಬುಟ್ಟಿ ಎತ್ತಿಕೊಳ್ಳುತ್ತಾರೆ. ಏನಾದರೂ ಆಸೆ ಇದೆಯೇ ಎಂದರೆ, ಕಪಾಟಿನ ಕೋಣೆಯ ಕಿಟಕಿಗೊಂದು ಪರದೆ ಹಾಕಿಸಿದರೆ ಬೇಸಿಗೆಗೆ ಅನುಕೂಲ ಎನ್ನುತ್ತಾರೆ. ತಮಗೆಂದು ಕೇಳಲು ಏನೂ ಹೊಳೆಯುವುದಿಲ್ಲ. ಆ ಮದುವೆಗೆ ಹೋಗಿದ್ದಿರಾ ಎಂದು ಕೇಳಿದಾಗ ಮಾತ್ರ ಬುಟ್ಟಿಯನ್ನು ಮತ್ತೆ ಕೆಳಗಿಡುತ್ತಾರೆ.

“ನಾನ್ಯಾಕೆ ಹೋಗ್ಲಿ ಸ್ವಾಮಿ, ಎಲೆ ಹೋಗಿತ್ತಲ್ಲ. ಮುಗಿದ ಮೇಲೆ ಗಫೂರ್ ಸಾಬ್ರು ಬಂದು ಹೇಳಿದ್ರು. ಎರಡು ಸಾವಿರದಾಗೆ ಒಂದೆಲೇನೂ ಮಿಗಲಿಲ್ಲವಂತೆ.”