ಮೆಲ್ಲಗೆ ತಟ್ಟಿದ ಬಾಗಿಲು

ನಮ್ಮ ದ್ವೀಪದ ನಡುವೆ ಒಂದು ಗುಡ್ಡ. ಗುಡ್ಡದ ಈಚೆಗೆ ನಾವು, ಆಚೆಗೆ ಅವರು. ಈಚೆಯ ಸಮುದ್ರ ಬಟ್ಟಲಲ್ಲಿಟ್ಟ ನೀರಿನ ಹಾಗೆ. ಅದರ ಪಕ್ಕ ಮಲಗಿ ಬಿಸಿಲಿಗೆ ಮೈ ಕಾಯಿಸಿಕೊಳ್ಳಲು ಎಲ್ಲೆಲ್ಲಿಂದಲೋ ಜನ ರಜೆಗೆ ಬರುತ್ತಾರೆ, ಹಾಗಾಗಿ ಸಾಲು ಸಾಲು ಹೋಟೆಲು. ಆಚೆಗೆ ವರ್ಷವಿಡೀ ಗಾಳಿ. ಅಲ್ಲಿ ಛಾವಣಿಗೂ ಹಗ್ಗ, ನೀರಿನ ಡ್ರಮ್ಮಿಗೂ ಹಗ್ಗ, ಒಣಹಾಕಿದ ಅಂಗಿಗೂ ಗಂಟು. ಬಾಗಿಲನ್ನು ಸುಮ್ಮನೆ ಮುಂದೆ ಮಾಡಿ ಬಿಟ್ಟರೆ ಗಾಳಿ ಅದನ್ನು ಕೀಲು ಸಮೇತ ಕಿತ್ತುಕೊಂಡು ಹೋಗುತ್ತದೆ. ಆದ್ದರಿಂದ ಆಚೆಯವರು ಒಳಗೆ ಕಾಲಿಟ್ಟ ಕೂಡಲೇ ಚಿಲಕ ಹಾಕುತ್ತಾರೆ.

ಪಕ್ಕದಲ್ಲೇ ಕೂತವರ ಜೊತೆಗೂ ಅವರು ಕೂಗಿಯೇ ಮಾತಾಡುವುದು. ನಾವು ಈಚೆಯವರು ಜಗಳವನ್ನೂ ಪಿಸುಗುಟ್ಟಿಯೇ ಆಡುತ್ತೇವೆ. ಗೋಡೆಯಾಚೆ ಅತಿಥಿ ಮಲಗಿರುತ್ತಾನಲ್ಲ. ಅವರ ಲೆಕ್ಕದಲ್ಲಿ ನಾವು ಬೆಣ್ಣೆ ಮಾತಿನವರು, ನಮ್ಮ ಲೆಕ್ಕದಲ್ಲಿ ಅವರ ಗಂಟಲಿಗೆ ಲಂಗುಲಗಾಮಿಲ್ಲ. ಬಸ್ಸು ಹತ್ತಿದರೆ ಒಂದು ಕೋಳಿನಿದ್ದೆ ಮುಗಿಯುವಷ್ಟು ದಾರಿ, ಅಷ್ಟೇ. ಆದರೂ ನಮ್ಮಮ್ಮ ಸಾಯುವವರೆಗೆ ಆಚೆ ಮುಖ ಹಾಕಲಿಲ್ಲ.

ಗಾಳಿಯಕ್ಕ ಆಚೆಯವಳು. ಗಂಡ ತೀರಿಕೊಂಡ ಮೇಲೆ ಗುಡ್ಡ ದಾಟಿ ಬಂದು ನಮ್ಮ ಹೋಟೆಲಿಗೆ ಸೇರಿದಳು. ನಾನು ಅಲ್ಲಿ ಹರಿದ ಹಾಸಿಗೆ ಬಟ್ಟೆ ಹೊಲಿಯುವವಳು, ಅವಳು ಕೋಣೆ ಗುಡಿಸಿ ಹಾಸಿಗೆ ಹಾಸುವವಳು. ಕೆಲಸಗಾರರ ಸಾಲುಮನೆಯಲ್ಲಿ ನಮ್ಮಿಬ್ಬರದೂ ಅಕ್ಕಪಕ್ಕದ ಕೋಣೆ. ಸೇರಿದ ಮೊದಲ ದಿನವೇ ಒಂದು ಬಾಗಿಲನ್ನು ಮುಷ್ಟಿ ಕಟ್ಟಿ ಗುದ್ದಿ, "ಯಾರ್ರೀ ಒಳಗೆ?" ಎಂದು ಕೂಗಿದ್ದಳು. ಬೆಂಕಿ ಬಿತ್ತೆಂದುಕೊಂಡು ಅತಿಥಿ ಟವೆಲ್ ಸುತ್ತಿಕೊಂಡೇ ಹೊರಗೆ ಓಡಿಬಂದ. ನಾವೆಲ್ಲ ಹೊಟ್ಟೆ ಹುಣ್ಣಾಗುವ ಹಾಗೆ ನಕ್ಕೆವು. ಮೇಲ್ವಿಚಾರಕಿ ನಗಲಿಲ್ಲ.

ಅವಳಿಗೆ ನಾನು ಬಾಗಿಲು ತಟ್ಟುವುದನ್ನು ಹೇಳಿಕೊಟ್ಟದ್ದು ನನ್ನ ಹೊಲಿಗೆ ಕೋಣೆಯ ಬಾಗಿಲ ಮೇಲೆ. ನಾನು ಒಳಗೆ ಅತಿಥಿಯಾಗಿ ಕೂರಬೇಕು, ಅವಳು ಹೊರಗಿನಿಂದ ಬೆರಳಿನ ಗಿಣ್ಣಿನಿಂದ ಮೆಲ್ಲಗೆ ತಟ್ಟಬೇಕು, ಸ್ವಲ್ಪ ಕಾಯಬೇಕು, ಇನ್ನೊಮ್ಮೆ ತಟ್ಟಬೇಕು. ಉತ್ತರ ಬರದಿದ್ದರೆ ಸದ್ದಿಲ್ಲದೆ ಹೊರಟುಹೋಗಬೇಕು.

"ಅಕ್ಕಾ, ತಟ್ಟು ಅಂದ್ರೆ ಮುರಿ ಅಂತಲ್ಲ," ಎಂದು ನಾನು ಒಳಗಿನಿಂದ ಛೇಡಿಸುತ್ತಿದ್ದೆ.

"ಇಷ್ಟು ಮೆಲ್ಲಗೆ ತಟ್ಟಿದ್ರೆ ಸೊಳ್ಳೆಗೂ ಕೇಳ್ಸಲ್ಲ ಕಣೇ," ಎನ್ನುತ್ತಿದ್ದಳು.

ಎರಡು ಸಲ ಅತಿಥಿಗಳಿಂದ ದೂರು ಬಂತು. ಮೂರನೆಯದು ಬಂದರೆ ಮನೆಗೆ ಎಂದು ಮೇಲ್ವಿಚಾರಕಿ ಖಡಾಖಂಡಿತವಾಗಿ ಹೇಳಿದಳು. ಮೂರನೆಯದು ಬರಲೇ ಇಲ್ಲ. ಕೈ ಮೆತ್ತಗಾಯಿತು, ಅದರ ಹಿಂದೆಯೇ ದನಿಯೂ ಇಳಿಯಿತು. ಊರಿಗೆ ಹೋದಾಗ ಅವಳ ತಮ್ಮ, "ಏನಕ್ಕಾ, ಗಂಟಲು ಕಟ್ಟಿದ್ಯಾ?" ಎಂದು ಕೇಳಿದ್ದನಂತೆ. ವರ್ಷಗಳು ಕಳೆದಂತೆ ಅವಳು ಜಗಳ ಬಿಟ್ಟಳು, ನಗುವುದನ್ನೂ ಬಿಟ್ಟಳು. ಬೇಜಾರಾ ಎಂದು ಒಮ್ಮೆ ಕೇಳಿದೆ. "ಬೇಜಾರೂ ಇಲ್ಲ. ಏನೂ ಅನ್ಸಲ್ಲ ಕಣೇ," ಎಂದು ದಿಂಬಿನ ಚೀಲ ಕೊಡವಿದಳು.

ತಾಯಿ ಹೋದ ಮೇಲೆ ತಂದೆಯನ್ನು ಕರೆದುಕೊಂಡು ಬಂದಳು. ಜೀವಮಾನವಿಡೀ ಹಗ್ಗ ಹೊಸೆದ ಮುದುಕ; ಅಂಗೈ ಚಪ್ಪಲಿಯ ಅಟ್ಟೆಯಂತಾಗಿತ್ತು, ದನಿ ಮಾತ್ರ ನಾಲ್ಕು ಮನೆಗೆ ಸಾಕು. ನಮ್ಮ ಕಡೆಯ ಯಾವುದೂ ಅವರಿಗೆ ಹಿಡಿಸಲಿಲ್ಲ. "ಇದೂ ಒಂದು ಸಮುದ್ರವೇನಮ್ಮ? ಸತ್ತು ಬಿದ್ದಿದೆ," ಎಂದು ನನ್ನನ್ನೇ ಬೈಯುತ್ತಿದ್ದರು, ಅದನ್ನು ನಾನೇ ಕೊಂದ ಹಾಗೆ. ಗಾಳಿಯ ಸದ್ದಿಲ್ಲದೆ ಅವರ ಕಣ್ಣಿಗೆ ನಿದ್ದೆ ಹತ್ತುತ್ತಿರಲಿಲ್ಲ. ಮಗಳು ಕೆಲಸಕ್ಕೆ ಹೊರಟರೆ ಒಳಗಿನಿಂದ ಚಿಲಕ ಹಾಕಿಕೊಳ್ಳುವರು. ಸಂಜೆ ಅವಳು ಬರುವ ಹೊತ್ತಿಗೆ, ತಟ್ಟುವ ಮೊದಲೇ, ತಾವೇ ತೆಗೆದು ಹೊಸ್ತಿಲಲ್ಲಿ ಕೂತಿರುವರು. ಇಲ್ಲಿ ಎಲೆಯೂ ಅಲ್ಲಾಡುವುದಿಲ್ಲ, ಚಿಲಕ ಯಾಕೆ ಎಂದು ನಾನು ಹೇಳಿ ಹೇಳಿ ಸೋತೆ. ಕೇಳಿದರೆ ತಾನೇ!

ಆ ದಿನ ಹೋಟೆಲು ತುಂಬಿ ತುಳುಕುತ್ತಿತ್ತು. ಹಳೆಯ ಅತಿಥಿಗಳು ಖಾಲಿ ಮಾಡುವುದು, ಹೊಸಬರು ಬರುವುದು ಎಲ್ಲ ಒಂದೇ ದಿನ. ಮಧ್ಯಾಹ್ನ ಸ್ವಲ್ಪ ಬಿಡುವಾದಾಗ ಗಾಳಿಯಕ್ಕ ಮನೆಗೆ ಹೋಗಿ ಬೇಗನೆ ಹಿಂದಿರುಗಿದಳು. ಊಟವಾಯ್ತಾ ಎಂದೆ.

"ಇಲ್ಲ. ಬಾಗಿಲು ತಟ್ಟಿದೆ, ಅಪ್ಪ ತೆಗೀಲಿಲ್ಲ. ಮಲಗಿದ್ದಾರೆ ಅನ್ಸತ್ತೆ. ಪಾಪ, ಎಷ್ಟು ದಿನ ಆಗಿತ್ತು ನಿದ್ದೆ ಮಾಡಿ. ಎಬ್ಬಿಸೋದು ಬೇಡ ಅಂತ ಬಂದ್ಬಿಟ್ಟೆ."

"ಒಳ್ಳೇದಾಯ್ತು ಬಿಡು," ಎಂದು ನನ್ನ ಡಬ್ಬಿಯ ಊಟವನ್ನೇ ಇಬ್ಬರಿಗೂ ಹಂಚಿದೆ. ಮುದುಕರಿಗೆ ಕೊನೆಗೂ ನಮ್ಮ ಕಡೆ ಒಗ್ಗಿತು ಎಂದು ನನಗೂ ಸಮಾಧಾನವಾಗಿತ್ತು.

ಸಂಜೆ ಇಬ್ಬರೂ ಒಟ್ಟಿಗೇ ಹೋದೆವು. ಬಾಗಿಲು ಇನ್ನೂ ಹಾಕಿಯೇ ಇತ್ತು. ಅವಳು ಮೆಲ್ಲಗೆ ತಟ್ಟಿದಳು, ಕಾದಳು, ಮತ್ತೆ ತಟ್ಟಿದಳು. ಅವಳನ್ನು ಪಕ್ಕಕ್ಕೆ ತಳ್ಳಿ ನಾನೇ ಗುದ್ದಿ ಕೂಗಿದೆ. ಒಳಗಿನಿಂದ ಏನೋ ಲೋಹ ನೆಲಕ್ಕೆ ಬಡಿದ ಸದ್ದು ಬಂತು. ಹೋಟೆಲಿನ ಬಡಗಿಯನ್ನು ಕರೆಸಿ ಬಾಗಿಲು ಕೀಳಿಸಿದೆವು.

ಮುದುಕರು ಮಂಚದ ಪಕ್ಕ ಬಿದ್ದಿದ್ದರು. ಬಲಭಾಗಕ್ಕೆ ಲಕ್ವ ಹೊಡೆದಿತ್ತು, ಪ್ರಜ್ಞೆ ಇತ್ತು. ಎಡಗೈಯಲ್ಲಿ ಸ್ಟೀಲಿನ ಲೋಟ ಹಿಡಿದಿದ್ದರು. ಗಾಳಿಯಕ್ಕ ಅಳಲಿಲ್ಲ, ಕಿರುಚಲಿಲ್ಲ. ಅಪ್ಪನ ಒದ್ದೆಯಾದ ಬಟ್ಟೆ ಬದಲಾಯಿಸಿ, ಕೋಣೆ ಕೆಲಸಕ್ಕೆ ಇಳಿದವಳ ಹಾಗೆ ನೆಲ ಒರೆಸಿ, ಹೋಟೆಲಿನ ಗಾಡಿಗೆ ಅವರನ್ನು ಹತ್ತಿಸಿ ತಾನೂ ಹತ್ತಿದಳು.

ಆಸ್ಪತ್ರೆಯಲ್ಲಿ ಡಾಕ್ಟರು ಬೆಳಿಗ್ಗೆಯೇ ಬಿದ್ದಿರಬೇಕು ಎಂದರು. ಮಧ್ಯಾಹ್ನಕ್ಕಾದರೂ ತಂದಿದ್ದರೆ ಕೈಕಾಲು ಸ್ವಲ್ಪವಾದರೂ ಬರುತ್ತಿತ್ತೇನೋ, ಇನ್ನು ಎದ್ದು ಓಡಾಡುವ ಆಸೆ ಇಟ್ಟುಕೊಳ್ಳಬೇಡಿ ಎಂದೂ ಹೇಳಿದರು. ಅವಳು "ಸರಿ ಸಾರ್" ಎಂದಳು. ನನ್ನ ಕಡೆ ತಿರುಗಲಿಲ್ಲ. ನನಗೂ ಅಳು ಬರಲಿಲ್ಲ. ಒಳಗೆಲ್ಲ ಮರಗಟ್ಟಿದಂತಾಗಿ, ಗೋಡೆಯ ಮೇಲಿನ ಗಡಿಯಾರ ಇಷ್ಟು ಸೊಟ್ಟಗಿದೆಯಲ್ಲ, ಯಾರಿಗೂ ಕಾಣಿಸುವುದಿಲ್ಲವೇ ಎಂದು ಯೋಚಿಸುತ್ತ ನಿಂತಿದ್ದೆ.

ಕೆಲವು ದಿನಗಳಲ್ಲಿ ಮುದುಕರ ಮಾತು ತೊದಲುತ್ತ ತೊದಲುತ್ತ ಮರಳಿತು. ಒಂದು ಮಧ್ಯಾಹ್ನ ನಾನು ಆಸ್ಪತ್ರೆಗೆ ಊಟ ತೆಗೆದುಕೊಂಡು ಹೋಗಿದ್ದೆ. ಗಾಳಿಯಕ್ಕ ಅವರಿಗೆ ಮೆತ್ತಗೆ ಕಲಸಿದ ಅನ್ನವನ್ನು ಚಮಚದಿಂದ ತಿನ್ನಿಸುತ್ತಿದ್ದಳು.

"ಆವತ್ತು ಯಾರೋ ಬಂದಿದ್ರು ಕಣಮ್ಮ," ಎಂದರು. "ಮಧ್ಯಾಹ್ನ. ಬಾಗಿಲು ತಟ್ಟಿದ್ರು."

ಚಮಚ ಹಿಡಿದ ಕೈ ನಿಂತಿತು.

"ಲೋಟ ಕೈಯಲ್ಲೇ ಇತ್ತು. ಬಡಿಬೋದಿತ್ತು. ಬಡೀಲಿಲ್ಲ."

"ಯಾಕಪ್ಪ?"

"ಬಟ್ಟೆಯೆಲ್ಲ ಒದ್ದೆ ಮಾಡ್ಕೊಂಡಿದ್ದೆ. ಹೊರಗಿನವ್ರು ಬಂದು ನೋಡಿದ್ರೆ ಮಾನ ಉಳಿಯತ್ತಾ? ನೀನು ಬರ್ತೀಯ ಅಂತ ಕಾದೆ."

"ನಾನಲ್ಲ ಅಂತ ಹೆಂಗೆ ಗೊತ್ತಾಯ್ತು?"

ಮುದುಕರ ಬಾಯಿ ಒಂದೇ ಕಡೆಗೆ ಸೊಟ್ಟಗಾಯಿತು. ಅದು ನಗು. "ನನ್ನ ಮಗಳು ಬಾಗಿಲು ತಟ್ಟೋದು ನಂಗೆ ಗೊತ್ತಿಲ್ವಾ? ಗೋಡೆ ನಡುಗತ್ತೆ! ಅದು ಈ ಕಡೆಯವರು ಯಾರೋ. ಬೆರಳು ನೋಯತ್ತೇನೋ ಅನ್ನೋ ಹಂಗೆ ತಟ್ಟಿ ಹೋದ್ರು."

ಗಾಳಿಯಕ್ಕ ಬಾಯಿ ತೆರೆದಳು. ಅವಳು ಹೇಳಿಬಿಡುತ್ತಾಳೆ ಎಂದು ನನಗೆ ತಿಳಿಯಿತು. ಹೇಳಿದರೆ ಇಬ್ಬರೂ ಉಳಿಯುವುದಿಲ್ಲ ಎನಿಸಿ ನಡುವೆ ಬಾಯಿ ಹಾಕಿದೆ. "ನಾನೇ ಯಜಮಾನ್ರೇ ತಟ್ಟಿದ್ದು. ನೀವು ಮಲಗಿದ್ದೀರಿ ಅಂದ್ಕೊಂಡು ಹೊರಟುಹೋದೆ."

ಅವರು ನನ್ನ ಕಡೆ ತಿರುಗಿದರು. ಬೈಯಲಿಲ್ಲ.

"ಹೋಗ್ಲಿ ಬಿಡಮ್ಮ, ನಿಂದೇನು ತಪ್ಪು. ನಿಮ್ಮ ಕಡೆಯವರು ತಟ್ಟೋದೇ ಹಾಗೆ," ಎಂದು ಇನ್ನೊಂದು ತುತ್ತಿಗೆ ಬಾಯಿ ತೆರೆದರು.

ಗಾಳಿಯಕ್ಕ ತಟ್ಟೆಯನ್ನು ನನ್ನ ಕೈಗೆ ಕೊಟ್ಟಳು. "ನೀನೇ ತಿನ್ಸು ಕಣೇ," ಎಂದಳು, ಪಕ್ಕದ ಹಾಸಿಗೆಯವರಿಗೂ ಕೇಳದಷ್ಟು ಮೆಲ್ಲಗೆ. ನಾನು ತಿನ್ನಿಸಿದೆ.