ತುರುಬಿನ ಪೆನ್ಸಿಲ್

ಮಣಿಪಾಲದ ಆ ಇಂಜಿನಿಯರ್ ಮೇಡಂ ಅವರನ್ನು ನಾನು ನೋಡಿದ್ದೆಲ್ಲ ಫೋನಿನ ಪರದೆಯಲ್ಲೇ. ತುರುಬಿನಲ್ಲಿ ಯಾವಾಗಲೂ ಒಂದು ಪೆನ್ಸಿಲ್. ಶಂಕರಪುರದಲ್ಲಿ ಮಲ್ಲಿಗೆ ಕಟ್ಟುವ ಅಕ್ಕ ಒಬ್ಬರು ಬಲಗೈಯ ಬೆರಳುಗಳನ್ನು ಕಳೆದುಕೊಂಡಿದ್ದರು. ಅವರಿಗೆ ಕೃತಕ ಬೆರಳು ಮಾಡುವ ಕೆಲಸ. ನಕ್ಷೆ ಮೇಡಂದು, ಲೋಹದ ಕೆಲಸ ಕಾರ್ಕಳದಲ್ಲಿ ನನ್ನದು, ಬೆರಳನ್ನು ಕೈಗೆ ಬಿಗಿಯುವ ಪಟ್ಟಿ ಕಾಪುವಿನ ಟೈಲರ್‌ದು.

ನಮ್ಮ ಕಡೆಯ ಮರ್ಯಾದೆ ಹೇಗೆ ಅಂದರೆ, ಒಬ್ಬರು ಮುಗಿಸಿ ಕಳಿಸುವವರೆಗೆ ಇನ್ನೊಬ್ಬರು ಬಾಯಿ ಹಾಕಬಾರದು. ಆ ಮರ್ಯಾದೆಯಲ್ಲೇ, ತಪ್ಪು ಕೊನೆಗೆ ಗೊತ್ತಾಗಿ, ಎರಡು ಸಲ ಕೆಲಸ ಹಾಳಾಯಿತು. ಮೇಡಂಗೆ ಸಿಟ್ಟು ಬಂತು. ಅಕ್ಕನನ್ನೂ ಸೇರಿಸಿ ಎಲ್ಲರನ್ನೂ ಒಂದೇ ಕರೆಯಲ್ಲಿ, ಒಂದೇ ನಕ್ಷೆಯ ಮುಂದೆ ಕೂರಿಸಿದರು. ಯಾರಾದರೂ ಮಾತು ಮುಂದೂಡಿ "ಮತ್ತೆ ಹೇಳ್ತೇನೆ" ಅಂದರೆ ಮೇಜು ಕುಟ್ಟುತ್ತಿದ್ದರು: "ಮತ್ತೆ ಎಂತ? ಈಗಲೇ ಹೇಳಿ ಮಾರಾಯರೆ!"

ಮೂರನೇ ಸಲ ನಾನು ಬೆರಳುಗಳನ್ನು ಒತ್ತಾಗಿ ಜೋಡಿಸಿ ಹೆಮ್ಮೆಯಿಂದ ತೋರಿಸಿದೆ. ಅಕ್ಕ ಮೆಲ್ಲಗೆ, "ಹೂ ಕಟ್ಟುವ ಬಾಳೆನಾರು ಹೋಗ್ಲಿಕ್ಕೆ ಸಂದು ಬೇಕಲ್ವಾ?" ಅಂದರು. ಮೇಡಂ ಅಲ್ಲೇ ಗೆರೆ ತಿದ್ದಿದರು, ಟೈಲರ್ ಪಟ್ಟಿ ಸರಿಸಿದರು, ನಾನು ಅರದಿಂದ ಉಜ್ಜಿ ಸಂದು ಬಿಡಿಸಿದೆ.

ವಾರ ಕಳೆದು ಅಕ್ಕ ಹೊಸ ಬೆರಳು ತೊಟ್ಟು, ಕರೆಯಲ್ಲಿ ನಮ್ಮ ಕಣ್ಣೆದುರೇ ಮಲ್ಲಿಗೆ ಕಟ್ಟಿದರು. ಒಂದು ಹೂವೂ ಜಾರಲಿಲ್ಲ. ಕಾಪುವಿನಿಂದ ಶಿಳ್ಳೆ ಕೇಳಿತು.

ಮರುದಿನ ಮೇಡಂ ಪರದೆಗೆ ಬಂದಾಗ ತುರುಬಿನಲ್ಲಿ ಪೆನ್ಸಿಲ್ ಇರಲಿಲ್ಲ. ಅಕ್ಕ ಕಟ್ಟಿದ ಮಲ್ಲಿಗೆ ಇತ್ತು.